ಲೀನಾಳ ಹೆಸರಿನ ನೀರು

‘ಮುಟ್ಟಬೇಡಿ’ ಎಂದು ಹಲಗೆ ನೇತುಹಾಕುವಂಥ ವಸ್ತು ಅದಲ್ಲ. ಅದು ಕಂಬಳಿ ತೊಳೆಯುವ ತೊಟ್ಟಿ. ಮುಟ್ಟುವುದಕ್ಕೆಂದೇ ಮಾಡಿದ್ದು. ನಮ್ಮ ಪಾಲ್ತಿನೇತ್ ಹಳ್ಳಿಯ ಹೆಂಗಸರು ಅದರ ಅಂಚಿಗೆ ಹೊಟ್ಟೆ ಒತ್ತಿ ಬಗ್ಗಿ ಬಗ್ಗಿ ಆ ಮರ ಗಾಜಿನ ಹಾಗೆ ನುಣುಪಾಗಿತ್ತು. ಈಗ ಅದರ ಸುತ್ತ ಹಗ್ಗ ಕಟ್ಟಿದ್ದಾರೆ. ಹಗ್ಗದ ಈಚೆ ನಿಂತು ನೋಡಬೇಕಂತೆ. ಏನನ್ನು ನೋಡುವುದು? ನೀರಿಲ್ಲದ ಸುಳಿತೊಟ್ಟಿ ಎಂದರೆ ನೆಲದಲ್ಲಿ ಒಂದು ಗುಂಡಿ, ಅಷ್ಟೆ.

ಆ ತೊಟ್ಟಿ ನನ್ನ ನೆರೆಮನೆಯ ರಫೀಲಕ್ಕನದು. ನಮ್ಮಿಬ್ಬರ ಅಂಗಳದ ನಡುವೆ ಬೇಲಿ ಇತ್ತು, ಬಾಗಿಲು ಇರಲಿಲ್ಲ. ಹಲಗೆ ಕಿತ್ತುಹೋದ ಕಂಡಿಯಲ್ಲೇ ಆಯುಷ್ಯವೆಲ್ಲ ಓಡಾಡಿದೆವು. ವಸ್ತುಸಂಗ್ರಹಾಲಯದವರ ಹಲಗೆಯಲ್ಲಿ ಮರ ಯಾವುದು, ಯಾವ ಬೆಟ್ಟದ ಕಡೆಯದು ಎಂದೆಲ್ಲ ಬರೆದಿದೆ. ರಫೀಲಕ್ಕನ ವಿಷಯ ಇಲ್ಲ. ಅವಳ ಮಗಳು ಲೀನಾಳ ವಿಷಯವಂತೂ ಇಲ್ಲವೇ ಇಲ್ಲ. ಲೀನಾ ಇಲ್ಲದಿದ್ದರೆ ಆ ತೊಟ್ಟಿ ಅಲ್ಲಿಗೆ ಹೋಗುತ್ತಲೇ ಇರಲಿಲ್ಲ.

ರಫೀಲಕ್ಕ ಗುಡ್ಡದಾಚೆಯ ಊರಿನಿಂದ ತ್ರಿಫೋನನ ಹೆಂಡತಿಯಾಗಿ ಬಂದವಳು. ತ್ರಿಫೋನನ ಅಪ್ಪ ಹಳ್ಳದ ದಡದಲ್ಲಿ ನೆಲ ಅಗೆದು, ಮರದ ಸೀಳುಗಳನ್ನು ನೆಲದ ಮೇಲೂ ಸೊಂಟದೆತ್ತರಕ್ಕೆ ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಅಗಲ ತಳದಲ್ಲಿ ಕಿರಿದು ಬರುವಂತೆ ಆ ತೊಟ್ಟಿ ಕಟ್ಟಿದ್ದ. ಮೇಲಿನಿಂದ ಹಳ್ಳದ ನೀರು ಮರದ ದಂಬೆಯಲ್ಲಿ ರಭಸವಾಗಿ ಇಳಿದು ತೊಟ್ಟಿಯ ಒಂದು ಮಗ್ಗುಲಿಗೆ ಬೀಳುತ್ತಿತ್ತು. ನಡುವಿಗೆ ಬಿದ್ದರೆ ಪ್ರಯೋಜನವಿಲ್ಲ, ಮಗ್ಗುಲಿಗೇ ಬೀಳಬೇಕು. ಆಗ ನೀರು ಸುಳಿಯಾಗಿ ತಿರುಗುತ್ತದೆ. ಮಗ್ಗದಿಂದ ಇಳಿಸಿದ ಉಣ್ಣೆಯ ಕಂಬಳಿ ಹಲಗೆಯಂತೆ ಸೆಟೆದುಕೊಂಡಿರುತ್ತದೆ, ಕುರಿಯ ಜಿಡ್ಡಿನ ವಾಸನೆ ಬೇರೆ. ಅದನ್ನು ಸುಳಿಗೆ ಹಾಕಿದರೆ ತಿರುಗಿ ತಿರುಗಿ ಜಿಡ್ಡು ಬಿಟ್ಟು, ನೂಲು ಅರಳಿ, ರೋಮ ಎದ್ದು, ಹೊರತೆಗೆದಾಗ ಕುರಿಮರಿಯ ಮೈಯಂತಿರುತ್ತದೆ. ಸಾಬೂನು ಬೇಡ, ಸೋಡಾ ಬೇಡ. ನೀರಿನ ಕೆಲಸ ಅದು. ಮನುಷ್ಯರ ಕೆಲಸ ಎಂದರೆ ಕೊನೆಗೆ ಎತ್ತುವುದು. ನೀರು ಕುಡಿದ ಕಂಬಳಿ ಕರು ಹಾಕಲಿರುವ ಹಸುವಿನಷ್ಟು ಭಾರ. ಕೋಲಿಗೆ ಸಿಕ್ಕಿಸಿ ಇಬ್ಬರು ಆ ತುದಿ ಈ ತುದಿ ಹಿಡಿದು ಎತ್ತಬೇಕು. ರಫೀಲಕ್ಕ ಒಬ್ಬಳೇ ಎತ್ತುತ್ತಿದ್ದಳು. ಅವಳ ತೋಳು ನೋಡಿ ನನ್ನ ಗಂಡ, “ತ್ರಿಫೋನಾ, ಈ ಹೆಂಡ್ತಿ ಹತ್ರ ಜಗಳ ಆಡ್ಬೇಡಪ್ಪ, ಕೋಲಿಗೆ ಸಿಕ್ಕಿಸ್ಬಿಟ್ಟಾಳು” ಎಂದು ಗೇಲಿ ಮಾಡುತ್ತಿದ್ದ.

ಶರತ್ಕಾಲ ಬಂತೆಂದರೆ ಸುತ್ತಿನ ಊರುಗಳಿಂದ ಕುದುರೆಗಾಡಿಗಳಲ್ಲಿ ಕಂಬಳಿ ಹೇರಿಕೊಂಡು ಹೆಂಗಸರು ಬರುವರು. ತೊಳೆದದ್ದಕ್ಕೆ ಕಾಸೋ ಜೋಳವೋ ಕೊಡುವರು. ಅದು ತ್ರಿಫೋನನ ಮನೆಯ ಮೇಲಾದಾಯ. ಅದನ್ನು ನಿಲ್ಲಿಸಿದ್ದು ಲೀನಾಳ ಸಾವು.

ಲೀನಾ ಅವರ ಒಬ್ಬಳೇ ಮಗಳು. ಮಗ್ಗದ ಮೇಲೆ ಕೈ ಓಡುತ್ತಿದ್ದುದು ನೋಡಬೇಕಿತ್ತು. ಮದುವೆಗೆಂದು ತಾನೇ ನೇಯ್ದ ಕಂಬಳಿಗಳು ಇನ್ನೂ ಸುಳಿ ಕಂಡಿರಲಿಲ್ಲ. ಆ ಚಳಿಗಾಲ ಎದೆಗೆ ನೆಗಡಿ ಇಳಿಯಿತು, ಜ್ವರ ಬಿಡಲಿಲ್ಲ, ಈಸ್ಟರ್ ಹಬ್ಬಕ್ಕೆ ಮುಂಚೆ ಹೋಗಿಬಿಟ್ಟಳು. ಮದುವೆಯಾಗದೆ ಸತ್ತ ಹುಡುಗಿ. ನಮ್ಮಲ್ಲಿ ಅಂಥವರಿಗೆ ಮಣ್ಣು ಮಾಡುವಾಗಲೇ ಮದುವೆ. ಮದುಮಗಳ ಕಿರೀಟ ಇಟ್ಟು, ಗೋರಿಯ ತಲೆಗೆ ಫರ್ ಮರ ನೆಟ್ಟು ಕಳಿಸಿದೆವು.

ನಮ್ಮಲ್ಲಿ ಸತ್ತವರ ಹೆಸರಿನಲ್ಲಿ ಏನು ಕೊಟ್ಟರೂ ಈಸಿಕೊಂಡವರು ‘ಬೊಗ್ದಪ್ರೊಸ್ತೆ’, ಸತ್ತವರನ್ನು ದೇವರು ಕ್ಷಮಿಸಲಿ, ಎನ್ನಬೇಕು. ಆ ಮಾತು ಬಿದ್ದರೆ ಕೊಟ್ಟದ್ದು ಆಚೆಗೆ ಮುಟ್ಟಿತು. ಇಲ್ಲಿ ರೊಟ್ಟಿ ಕೊಟ್ಟರೆ ಅಲ್ಲಿ ಅವರಿಗೆ ರೊಟ್ಟಿ, ದೀಪ ಕೊಟ್ಟರೆ ಬೆಳಕು. ಮಾತು ಬೀಳದಿದ್ದರೆ ಕೊಟ್ಟದ್ದು ಕೊಟ್ಟವರ ಕೈಯಲ್ಲೇ ಉಳಿಯಿತು. ರಫೀಲಕ್ಕ ಎಲ್ಲ ಕೊಟ್ಟಳು. ದುಂಡು ರೊಟ್ಟಿ, ಮೇಣದ ದೀಪ, ಲೀನಾಳ ಕಂಬಳಿಗಳು, ಅವಳ ಚಪ್ಪಲಿ ಕೂಡ. ಆದರೂ ಅವಳಿಗೆ ಸಮಾಧಾನವಿಲ್ಲ. ಕಂಡಿಯಲ್ಲಿ ಬಂದು ನನ್ನ ಅಡುಗೆಮನೆಯಲ್ಲಿ ಕೂತು ಕೇಳಿದಳು: “ವೇತಾ, ರೊಟ್ಟಿ ತಿಂದ್ರೆ ಮುಗೀತು. ಕಂಬ್ಳಿ ಸವೆದ್ರೆ ಮುಗೀತು. ಮುಗೀದೆ ಇರೋದು ಏನಿದೆ ಹೇಳು?”

ಅವಳೇ ಹೇಳಿದಳು: “ನೀರು.”

ಮರುದಿನ ತೊಟ್ಟಿಯ ಬಳಿ ಸೇರಿದ್ದ ಹೆಂಗಸರಿಗೆಲ್ಲ ಸಾರಿದಳು. “ಇವತ್ತಿಂದ ಯಾರೂ ಏನೂ ಕೊಡ್ಬೇಡಿ. ತೊಳ್ಕೊಳಿ, ಲೀನಾ ಹೆಸ್ರು ಹೇಳಿ ಬೊಗ್ದಪ್ರೊಸ್ತೆ ಅನ್ನಿ. ಸಾಕು.”

ತ್ರಿಫೋನ ಕುದಿದುಹೋದ. “ಏನೇ, ಜೋಳದ ಮುದ್ದೆಗೆ ನಂಚ್ಕೊಳಕ್ಕೆ ಬೊಗ್ದಪ್ರೊಸ್ತೆ ಬಡಿಸ್ತೀಯಾ ನಂಗೆ?”

“ಕುರಿ ಇದಾವಲ್ಲ, ಹಾಲು ಹಾಕ್ಕೊಂಡ್ ತಿನ್ನು.”

“ನನ್ನಪ್ಪ ಕಟ್ಟಿದ್ ತೊಟ್ಟಿ ಅದು!”

“ನಿನ್ ಮಗಳಲ್ವಾ ಅವ್ಳು?”

ಸ್ವಲ್ಪ ದಿನಕ್ಕೆ ತ್ರಿಫೋನನೇ ದಂಬೆ ರಿಪೇರಿ ಮಾಡಿ ನೀರು ಜೋರಾಗಿ ಬರುವಂತೆ ಮಾಡಿದ.

ಪುಕ್ಕಟೆ ಸಿಕ್ಕಿದ್ದನ್ನು ಜನ ಮರೆಯುವುದು ಬೇಗ. ಒಮ್ಮೆ ಕೆಳಗಿನ ಊರಿನವಳೊಬ್ಬಳು ಕಂಬಳಿಗಳನ್ನೆಲ್ಲ ತೊಳೆದು ಗಾಡಿಗೆ ಹಾಕಿ ಗಂಡನ ಪಕ್ಕ ಹತ್ತಿ ಕೂತು ಹೊರಟೇಬಿಟ್ಟಳು. ರಫೀಲಕ್ಕ ಬರಿಗಾಲಲ್ಲಿ ಏರು ಹತ್ತಿ ಓಡಿ ಗಾಡಿಗೆ ಅಡ್ಡ ನಿಂತಳು.

“ಏನವ್ವಾ, ಬಾಯಿ ಹಳ್ಳಕ್ಕೆ ಬಿದ್ದು ಕೊಚ್ಕೊಂಡ್ ಹೋಯ್ತಾ?”

“ಅಯ್ಯೋ, ಮರ್ತೇ ಹೋಯ್ತು ಕಣಕ್ಕ.”

“ನೀನು ಮರೆತ್ರೆ ಅಲ್ಲಿ ನನ್ ಮಗಳು ನೀರಿಲ್ದೆ ಕೂತಿರ್ಬೇಕಾ? ಅನ್ನು.”

ಅವಳು ಅಂದಳು. ಗಂಡನೂ ಟೋಪಿ ತೆಗೆದು ಅಂದ. ಅಂದು, ನಗುತ್ತ, “ಕುದ್ರೆ ಕೈಲೂ ಅನ್ನಿಸ್ಲಾ ರಫೀಲಕ್ಕ?” ಎಂದ.

“ನಿನ್ ಕುದ್ರೆ ನಿನಗಿಂತ ಮರ್ಯಾದಸ್ಥ. ಹೇಳ್ದೆ ಹೋಗ್ಬಾರ್ದು ಅಂತ ಅದೇ ಮೊದ್ಲು ನಿಂತಿದ್ದು.”

ಹೀಗೆ ಎಷ್ಟೋ ವರ್ಷ ನಡೆಯಿತು. ತ್ರಿಫೋನ ತೀರಿಕೊಂಡ, ನನ್ನ ಗಂಡನೂ ತೀರಿಕೊಂಡ. ಮಗ್ಗಗಳು ಅಟ್ಟ ಸೇರಿದವು. ಅಂಗಡಿಯಲ್ಲಿ ಹುಲಿಯ ಚಿತ್ರದ ಮೆತ್ತನೆ ಕಂಬಳಿಗಳು ಬಂದವು. ಅವನ್ನು ಮೆಷೀನಿಗೆ ಹಾಕುತ್ತಾರೆ. ಗಾಡಿಗಳು ನಿಂತವು. ಕೊನೆಗೆ ಶರತ್ಕಾಲದಲ್ಲಿ ತೊಟ್ಟಿಗೆ ಬರುವವರು ಊರಿನ ನಾವು ಕೆಲವು ಮುದುಕಿಯರು ಮಾತ್ರ. ನಾವು ತೊಳೆದ ಕಂಬಳಿಯನ್ನೇ ಮತ್ತೆ ತೊಳೆಯುತ್ತಿದ್ದೆವು, ಆ ಒಂದು ಮಾತಿಗಾಗಿ. ರಫೀಲಕ್ಕನಿಗೆ ಅದು ಗೊತ್ತಿತ್ತು. “ನಾವು ಹೋದ್ಮೇಲೆ ಲೀನಾಗೆ ಯಾರೇ?” ಎನ್ನುತ್ತಿದ್ದಳು.

ಆ ಹೊತ್ತಿಗೆ ಸರಿಯಾಗಿ ಕಾರಿನಲ್ಲಿ ಬಂದವರು ರೆಮುಸ್ ಸಾಹೇಬರು. ಜಿಲ್ಲಾ ಪಟ್ಟಣದಾಚೆಯ ಕಾಡಿನಲ್ಲಿ ಹಳೆಯ ಗಿರಣಿ, ಗಾಣ, ಕುಲುಮೆಗಳನ್ನೆಲ್ಲ ಊರೂರಿನಿಂದ ಬಿಚ್ಚಿ ತಂದು ನಿಲ್ಲಿಸಿದ್ದಾರೆ. ಆ ಬಯಲು ವಸ್ತುಸಂಗ್ರಹಾಲಯದ ದೊಡ್ಡ ಮನುಷ್ಯ ಅವರು. ತೊಟ್ಟಿ ನೋಡಿ ಮಂಡಿಯೂರಿ ಕೂತೇಬಿಟ್ಟರು. ಇಂಥದ್ದು ನಮ್ಮಲ್ಲಿಲ್ಲ, ಇದನ್ನು ಪ್ರಪಂಚ ನೋಡಬೇಕು ಎಂದರು. ಆಗ ರಫೀಲಕ್ಕ ಕೇಳಿದ್ದೂ ಅವರು ಹೇಳಿದ್ದೂ ನನಗೆ ಅಕ್ಷರಕ್ಕಕ್ಷರ ನೆನಪಿದೆ. ನಾನು ಅಲ್ಲೇ ಕೋಲು ಹಿಡಿದು ನಿಂತಿದ್ದೆ.

“ಅಲ್ಲಿಗೆ ಜನ ಬರ್ತಾರಾ ಸಾಹೇಬ್ರೇ?”

“ದೇಶದಿಂದೆಲ್ಲ ಬರ್ತಾರೆ ಅಜ್ಜಿ. ಹೊರದೇಶದವರೂ ಬರ್ತಾರೆ. ಜರ್ಮನ್ನರು, ಜಪಾನಿನವರು ಕೂಡ.”

“ಎಲ್ಲಾರೂ ತೊಟ್ಟಿ ಹತ್ರ ಬರ್ತಾರಾ?”

“ಬರದೇ ಇರ್ತಾರಾ?”

“ನೀರು ಇರುತ್ತಾ?”

“ನಮ್ಮಲ್ಲಿ ಕೆರೆನೇ ಇದೆ ಅಜ್ಜಿ.”

ಅವರು ಕಾರು ಹತ್ತಿ ಹೋದ ಮೇಲೆ ರಫೀಲಕ್ಕನ ಮುಖ ನೋಡಿದೆ. ಲೀನಾ ಹೋದ ಮೇಲೆ ಆ ಮುಖದಲ್ಲಿ ಅಂಥ ಬೆಳಕು ನಾನು ಕಂಡಿರಲಿಲ್ಲ. “ಕೇಳಿಸ್ಕೊಂಡ್ಯಾ ವೇತಾ? ದೇಶದವ್ರೆಲ್ಲ ತೊಳೀತಾರೆ. ಪ್ರತಿಯೊಬ್ರೂ ಬೊಗ್ದಪ್ರೊಸ್ತೆ ಅಂತಾರೆ.”

“ಅಕ್ಕಾ, ಜಪಾನಿನವ್ರು ಕಂಬ್ಳಿ ಹೊತ್ಕೊಂಡ್ ಬರ್ತಾರಾ?”

“ಯಾಕೆ, ಅವ್ರಿಗೆ ಚಳಿ ಆಗಲ್ವಾ?”

ನಗಬೇಡಿ. ತೊಳೆಯುವ ತೊಟ್ಟಿಯನ್ನು ಅಷ್ಟು ದೂರ ಹೊತ್ತುಕೊಂಡು ಹೋಗುವವರು ತೊಳೆಯುವುದಕ್ಕಲ್ಲದೆ ಇನ್ನೇತಕ್ಕೆ ಹೊತ್ತುಕೊಂಡು ಹೋಗುತ್ತಾರೆ ಎಂದು ನಮ್ಮೂರಿನಲ್ಲಿ ಯಾರನ್ನು ಕೇಳಿದರೂ ಹಾಗೆಯೇ ಅನ್ನುತ್ತಿದ್ದರು. ನಾನೂ ಸುಮ್ಮನಾದೆ. ಅವಳ ಪ್ರಶ್ನೆ ಯಾಕೆ ಬಂತೆಂದು ಆ ಮನುಷ್ಯ ಒಂದು ಸಲವಾದರೂ ಕೇಳಬೇಕಿತ್ತಲ್ಲ, ಅದು ನನ್ನ ಸಿಟ್ಟು. ಮುದುಕಿ ನೀರು ನೀರು ಎನ್ನುತ್ತಿದ್ದಾಳೆ, ಜನ ಜನ ಎನ್ನುತ್ತಿದ್ದಾಳೆ. ಓದಿದವನಿಗೆ ಬಾಯಿ ಇರಲಿಲ್ಲವೇ?

ಅವರು ಬೆಲೆ ಕೊಡುತ್ತೇವೆ ಎಂದರು, ಇವಳು ಬೇಡವೆಂದಳು. ಸತ್ತವರ ಹೆಸರಿಗೆ ಬಿಟ್ಟದ್ದನ್ನು ಮಾರುವುದುಂಟೇ? ಒಂದು ಕಾಗದಕ್ಕೆ ಅವಳ ರುಜು ಹಾಕಿಸಿಕೊಂಡು, ತೊಟ್ಟಿಯನ್ನು ಸೀಳು ಸೀಳಾಗಿ ಬಿಚ್ಚಿ, ಒಂದೊಂದರ ಮೇಲೂ ಗುರುತು ಬರೆದು ಲಾರಿಗೆ ಏರಿಸಿದರು. ರಫೀಲಕ್ಕ ಸಾಹೇಬರ ಮುಂದೆ ನಿಂತು, ಕೊಡುವವರು ಹೇಳಬೇಕಾದದ್ದನ್ನು ಹೇಳಿದಳು: “ಲೀನಾಗೆ ಸಲ್ಲಲಿ.”

ಸಾಹೇಬರು ಅವಳ ಕೈ ಕುಲುಕಿ, “ತುಂಬಾ ಥ್ಯಾಂಕ್ಸ್ ಅಜ್ಜಿ” ಎಂದರು.

ಥ್ಯಾಂಕ್ಸ್! ಅವರೂ ನಮ್ಮ ಚರ್ಚಿನವರೇ, ಅವರ ಅಜ್ಜಿಯೂ ಯಾವುದೋ ಹಳ್ಳಿಯಲ್ಲಿ ರೊಟ್ಟಿ ಹಂಚಿದವಳೇ. ನನ್ನ ಮೈ ಉರಿಯಿತು. ರಫೀಲಕ್ಕ, “ಲಾರಿ ಗಡಿಬಿಡೀಲಿ ಮರ್ತಿದಾನೆ ಬಿಡು” ಎಂದಳು.

ಮುಂದಿನ ಬೇಸಿಗೆಯಲ್ಲಿ ನೋಡಿ ಬರೋಣವೆಂದು ಹೊರಟೆವು. ಭಾನುವಾರದ ಬಟ್ಟೆ ಉಟ್ಟು, ರಫೀಲಕ್ಕ ಬೆನ್ನಿಗೆ ನನ್ನದೊಂದು ಕಂಬಳಿ ಕಟ್ಟಿಕೊಂಡಿದ್ದಳು. ಬರಿಗೈಯಲ್ಲಿ ತೊಟ್ಟಿಗೆ ಹೋಗುವುದು ಹೇಗೆ? ಬಸ್ಸಿನ ಡ್ರೈವರ್ ಅದನ್ನು ನೋಡಿ, “ಏನಜ್ಜಿ, ಹಾಸಿಗೆ ಸಮೇತ ಬಂದಿದೀರಾ? ನನ್ ಬಸ್ ಅಷ್ಟೊಂದು ನಿಧಾನ ಏನಲ್ಲ” ಎಂದ. ಬಸ್ಸಿನವರೆಲ್ಲ ನಕ್ಕರು, ರಫೀಲಕ್ಕನೂ ನಕ್ಕಳು. ಅವತ್ತು ಅವಳು ನಕ್ಕದ್ದು ಅದೊಂದೇ ಸಲ.

ಗೇಟಿನಲ್ಲಿ ಟಿಕೆಟ್ ಕೇಳಿದರು.

“ಯಾತಕ್ಕೆ ಟಿಕೆಟ್ಟು? ತೊಟ್ಟಿ ನಮ್ದೇ” ಎಂದಳು ರಫೀಲಕ್ಕ.

ಕಿಟಕಿಯ ಹುಡುಗಿ ತಲೆ ಎತ್ತದೆ, “ಪಿಂಚಣಿಯವರಿಗೆ ಅರ್ಧ ಅಜ್ಜಿ” ಎಂದಳು.

“ಅರ್ಧ ಬೇಡ, ಪೂರಾ ಬೇಡ. ದಾನದ ನೀರಿಗೆ ದುಡ್ಡು ಈಸ್ಕೊಂಡ್ರೆ ಅದು ದಾನ ಹೆಂಗಾಗುತ್ತೆ? ಇಷ್ಟು ದಿವ್ಸ ಬಂದೋರ ಹತ್ರನೂ ಈಸ್ಕೊಂಡ್ರಾ?”

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ನಾನು ಅವಳ ಕಿವಿಯಲ್ಲಿ, “ಅಕ್ಕಾ, ಇದು ದಾರಿ ಗುಡಿಸೋಕೆ ಈಸ್ಕೊಳೋದು, ತೊಟ್ಟಿಗಲ್ಲ” ಎಂದು ಸುಳ್ಳು ಹೇಳಿ ಇಬ್ಬರದೂ ಕೊಟ್ಟೆ. ಅವಳು ಒಪ್ಪಿದಳೋ ಇಲ್ಲವೋ, ಒಳಗಂತೂ ಬಂದಳು.

ಗಾಳಿ ಗಿರಣಿಗಳು ಗಾಳಿಯಲ್ಲಿ ತಿರುಗದೆ ನಿಂತಿದ್ದವು. ಅವುಗಳ ಮುಂದೆ ಮದುವೆಯ ಜೋಡಿಯೊಂದು ಫೋಟೋ ತೆಗೆಸಿಕೊಳ್ಳುತ್ತಿತ್ತು. ಎಣ್ಣೆ ಗಾಣದಲ್ಲಿ ಎಣ್ಣೆಯ ವಾಸನೆ ಇಲ್ಲ, ಕುಲುಮೆಯಲ್ಲಿ ಬೂದಿ ಇಲ್ಲ. ರಫೀಲಕ್ಕ ಅದೊಂದನ್ನೂ ನೋಡಲಿಲ್ಲ. ನೀರಿನ ಸದ್ದಿಗೆ ಕಿವಿ ಕೊಟ್ಟುಕೊಂಡು ನನ್ನ ಮುಂದೆ ಮುಂದೆ ನಡೆದಳು. ನೀರಿನ ಸದ್ದು ಎಲ್ಲಿಯೂ ಕೇಳಲಿಲ್ಲ.

ತೊಟ್ಟಿ ಒಂದು ಇಳಿಜಾರಿನ ಕೆಳಗಿತ್ತು. ಹಗ್ಗ, ಹಲಗೆ. ಒಳಗೆ ಒಣ ಎಲೆ, ಚಿಪ್ಸಿನ ಪೊಟ್ಟಣ, ಯಾರೋ ಎಸೆದ ಚಿಲ್ಲರೆ ಕಾಸು. ಮರ ಒಣಗಿ ಸೀಳುಗಳು ಕುಗ್ಗಿ, ಸಂದಿಯಲ್ಲಿ ನನ್ನ ಬೆರಳು ಹೋಗುವಷ್ಟು ಬಾಯಿ ಬಿಟ್ಟಿತ್ತು. ದಂಬೆಯ ಬಾಯಲ್ಲಿ ಜೇಡರ ಬಲೆ.

ರಫೀಲಕ್ಕ ಹಗ್ಗ ಎತ್ತಿ ಒಳಗೆ ಹೆಜ್ಜೆ ಇಟ್ಟಳು. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ ಕಾವಲುಗಾರ ಓಡಿಬಂದ. ಐವತ್ತರ ಆಸುಪಾಸಿನವನು, ಗಾವ್ರಿಲ ಎಂದು ಆಮೇಲೆ ತಿಳಿಯಿತು.

“ಅಮ್ಮಾ, ಅಮ್ಮಾ! ಹಗ್ಗದಿಂದ ಈಚೆ ಬನ್ನಿ!”

“ನೀರೆಲ್ಲಪ್ಪ?”

“ನೀರು ಚರ್ಚಿನ ಮರಿಯಮ್ಮನ ಹಬ್ಬಕ್ಕೆ ಮಾತ್ರ ಬಿಡೋದು. ಕೆರೆಯಿಂದ ಪಂಪ್ ಹಾಕ್ಬೇಕು. ದಿನಾ ಬಿಟ್ರೆ ಕರೆಂಟ್ ಬಿಲ್ ಯಾರು ಕಟ್ತಾರೆ?”

“ಇಲ್ಲೀವರ್ಗೂ ಯಾರ್ಯಾರು ತೊಳ್ಕೊಂಡ್ರು?”

“ಏನನ್ನ?”

“ಕಂಬ್ಳಿ.”

ಗಾವ್ರಿಲ ನನ್ನ ಮುಖ ನೋಡಿದ. “ಅಮ್ಮಾ, ಇದು ಮ್ಯೂಸಿಯಂ. ಇಲ್ಲಿ ಯಾರೂ ಏನೂ ತೊಳೆಯಲ್ಲ.”

ರಫೀಲಕ್ಕ ಬೆನ್ನಿನ ಕಂಬಳಿ ಇಳಿಸಿ ಅದರ ಮೇಲೆ ಕೂತುಬಿಟ್ಟಳು. ಜೋರಾಗಿ ಅಳುವವಳಲ್ಲ ಅವಳು. ನೆಲ ನೋಡುತ್ತ ಹೇಳಿದಳು: “ಹಂಗಾದ್ರೆ ಇಷ್ಟು ದಿವ್ಸ ನನ್ ಮಗಳಿಗೆ ಏನೂ ಮುಟ್ಟಿಲ್ಲ. ನಾನೇ ಕೈಯಾರೆ ನಿಲ್ಲಿಸ್ದೆ.”

ಗಾವ್ರಿಲನಿಗೆ ಅರ್ಥವಾಗಲಿಲ್ಲ. ನಾನು ಹೇಳಿದೆ. ಕೇಳುತ್ತ ಕೇಳುತ್ತ ಕೈಯಲ್ಲಿದ್ದ ಬೀಜಗಳನ್ನು ಜೇಬಿಗೆ ಹಾಕಿಕೊಂಡ. ಆಫೀಸಿಗೆ ದಾರಿ ತೋರಿಸಿದವನೂ ಅವನೇ.

ರೆಮುಸ್ ಸಾಹೇಬರು ನಮ್ಮನ್ನು ಕೂರಿಸಿದರು, ಚಹಾ ತರಿಸಿದರು, ತುಂಬ ಮರ್ಯಾದೆ. ತೊಟ್ಟಿ ವಾಪಸು ಕೊಡಿ ಎಂದದ್ದಕ್ಕೆ, ಅದೀಗ ಸರ್ಕಾರದ ಸ್ವತ್ತು, ತಮ್ಮ ಕೈಯಲ್ಲಿಲ್ಲ ಎಂದರು. ನೀರಾದರೂ ಬಿಡಿ ಎಂದದ್ದಕ್ಕೆ, “ಅಜ್ಜಿ, ನಾವು ಅದನ್ನ ಕಾಪಾಡ್ತಾ ಇದೀವಿ. ಉಪಯೋಗಿಸಿದ್ರೆ ಸವೆದುಹೋಗುತ್ತೆ” ಎಂದರು.

“ಸವೀಲಿ ಅಂತ್ಲೇ ಕೊಟ್ಟಿದ್ದು” ಎಂದಳು ರಫೀಲಕ್ಕ.

ಅವರು ಮುಗುಳ್ನಕ್ಕರು. ಆ ನಗೆಯನ್ನು ಇವತ್ತಿಗೂ ನನಗೆ ನುಂಗಲು ಆಗಿಲ್ಲ. ಮರಿಯಮ್ಮನ ಹಬ್ಬಕ್ಕೆ ಬನ್ನಿ, ಹಳೇ ಕಾಲದ ಉಡುಪು ಹಾಕಿಕೊಂಡು ನೀವೇ ಜನರಿಗೆ ತೋರಿಸಿಕೊಡಿ, ಟೀವಿಯವರೂ ಬರುತ್ತಾರೆ ಎಂದರು. “ನಾನು ವೇಷ ಕಟ್ಟಲ್ಲ ಸಾಹೇಬ್ರೇ, ಹಬ್ಬಕ್ಕೆ ಬರ್ತೀನಿ” ಎಂದು ರಫೀಲಕ್ಕ ಎದ್ದಳು. ಚಹಾ ಮುಟ್ಟಿರಲಿಲ್ಲ.

ಹಬ್ಬಕ್ಕೆ ಹೋದೆವು. ಊರಿನಲ್ಲಿ ಉಳಿದಿದ್ದ ಮುದುಕಿಯರೆಲ್ಲ ಸೇರಿ, ತಲೆಗೊಂದು ಕಂಬಳಿ ಹೊತ್ತು ಹೋದೆವು. ಕೊಳೆ ಕಂಬಳಿಗಳು. ನಾಯಿ ಮಲಗಿದ್ದನ್ನೂ ಕೊಡವಿ ತಂದಿದ್ದರು ಕೆಲವರು. ರಫೀಲಕ್ಕನ ಬುಟ್ಟಿಯಲ್ಲಿ ದುಂಡು ರೊಟ್ಟಿ, ಪ್ರತಿ ರೊಟ್ಟಿಗೂ ಒಂದು ಮೇಣದ ದೀಪ.

ನೀರು ಬಿಟ್ಟಿದ್ದರು. ಸುಳಿಯ ಆ ಸದ್ದು ಕೇಳಿದೊಡನೆ ರಫೀಲಕ್ಕ ಶಿಲುಬೆಯ ಗುರುತು ಮಾಡಿಕೊಂಡಳು. ಆದರೆ ಬಾಯಿ ಬಿಟ್ಟ ಸಂದಿಗಳಿಂದ ನೀರು ನಾಲ್ಕೂ ಕಡೆ ಚಿಮ್ಮುತ್ತಿತ್ತು. ಬಾಡಿಗೆ ಉಡುಪಿನ ಹುಡುಗಿಯೊಬ್ಬಳು ಹಾಲಿನಂಥ ಬಿಳಿ ಕಂಬಳಿಯ ತುದಿಯೊಂದನ್ನು ನೀರಿಗೆ ಅದ್ದಿ ಕ್ಯಾಮೆರಾ ಕಡೆ ನಗುವುದು, ತೆಗೆಯುವುದು, ಮತ್ತೆ ಅದ್ದುವುದು. ತೊಳೆದದ್ದನ್ನೇ ತೊಳೆಯುವ ಆಟ. ಪಕ್ಕದಲ್ಲಿ ಪಟ್ಟಣದ ದೊಡ್ಡವರ ಜೊತೆ ರೆಮುಸ್ ಸಾಹೇಬರು ನಿಂತಿದ್ದರು.

ರಫೀಲಕ್ಕ ಹಗ್ಗ ಎತ್ತಿದಳು. “ಮಗಳೇ, ಸ್ವಲ್ಪ ಸರ್ಕೊ, ಕಂಬ್ಳಿ ತೊಳೆಯೋರು ಬಂದಿದಾರೆ.”

“ಅಜ್ಜಿ, ಇಲ್ಲಿ ಹೊರಗಿನ ಬಟ್ಟೆ ಹಾಕೋ ಹಾಗಿಲ್ಲ” ಎಂದಳು ಹುಡುಗಿ.

“ನಿನ್ ಮೈಮೇಲಿರೋದೇ ಹೊರಗಿಂದು, ಬಾಡಿಗೇದು” ಎಂದಳು ನಮ್ಮ ಜೊತೆಯ ಒಬ್ಬಳು. ನೋಡುವವರು ಗೊಳ್ಳೆಂದರು. ಅಷ್ಟರಲ್ಲಿ ಮೊದಲ ಕಂಬಳಿ ಸುಳಿಯೊಳಗೆ ಹೋಗಿತ್ತು, ಹಿಂದೆಯೇ ಎರಡನೆಯದು, ಹಿಂದೆಯೇ ಉಳಿದವು. ಕಂಬಳಿಗಳು ಗುಂಡಗೆ ತಿರುಗಿ, ತೊಟ್ಟಿ ಉಕ್ಕಿ, ಕಪ್ಪು ನೀರು ದೊಡ್ಡವರ ಬೂಟುಗಳ ಮೇಲೆ ಹರಿಯಿತು. ಮೇಯರಂತೆ ಕಾಣುತ್ತಿದ್ದವರೊಬ್ಬರು ಒಂಟಿಕಾಲಲ್ಲಿ ಕುಣಿದರು. ಒಬ್ಬೊಬ್ಬಳೂ ಕಂಬಳಿ ಹಾಕುವಾಗ ಕೂಗಿ ಹೇಳಿದಳು: “ಲೀನಾಗೆ ಸಲ್ಲಲಿ, ಬೊಗ್ದಪ್ರೊಸ್ತೆ!”

“ತೆಗೀರಿ! ಎಲ್ಲ ತೆಗೀರಿ!” ಎಂದು ರೆಮುಸ್ ಸಾಹೇಬರು ಕೂಗಿದರು. ತೆಗೆಯುವವರು ಯಾರು? ಗಾವ್ರಿಲನೂ ಇನ್ನಿಬ್ಬರು ಕಾವಲುಗಾರರೂ ಕೋಲು ಹಾಕಿ ಎಳೆದರು. ಬರಲಿಲ್ಲ. ಆಗ ಸಾಹೇಬರು ಮೈಕಿನವನಿಗೆ ಕೈ ಮಾಡಿದರು, ಅವನು ಪಂಪಿನವನಿಗೆ ಕೂಗಿದ, ನೀರು ನಿಂತುಹೋಯಿತು. ಸುಳಿ ಎರಡು ಸುತ್ತು ನಿಧಾನ ತಿರುಗಿ ಸತ್ತಿತು. ನೀರು ಸಂದಿಗಳಿಂದ ಸೋರಿಹೋಗಿ ಕಂಬಳಿಗಳು ತಳದಲ್ಲಿ ಕುಸಿದು ಕೂತವು. ಕುಡಿಯುತ್ತಿದ್ದವರ ಬಾಯಿಂದ ಲೋಟ ಕಿತ್ತ ಹಾಗೆ. ಹಬ್ಬದ ದಿನ, ಅಷ್ಟು ಜನರ ಮುಂದೆ, ಒಬ್ಬ ತಾಯಿಯ ಎದುರಿಗೆ ಹಾಗೆ ಮಾಡಲು ಅವರಿಗೆ ಕೈ ಹೇಗೆ ಬಂತು?

ರಫೀಲಕ್ಕ ಬುಟ್ಟಿಯಿಂದ ಒಂದು ರೊಟ್ಟಿ ತೆಗೆದು, ದೀಪ ಹಚ್ಚಿ ಅದರ ಮೇಲಿಟ್ಟು, ಸಾಹೇಬರ ಮುಂದೆ ಹಿಡಿದಳು. ಸಿಟ್ಟಿನ ದನಿಯಲ್ಲ, ಚರ್ಚಿನಲ್ಲಿ ಮಾತಾಡುವ ದನಿ.

“ಸಾಹೇಬ್ರೇ, ತೊಟ್ಟಿ ಕೊಟ್ಟಾಗ ನೀವು ಆ ಮಾತು ಅನ್ಲಿಲ್ಲ. ಮರ್ತಿದ್ರಿ ಅಂದ್ಕೊಂಡೆ. ಈಗ ಅನ್ನಿ. ಲೀನಾಗೆ ಸಲ್ಲಲಿ.”

ರೆಮುಸ್ ಸಾಹೇಬರು ಸುತ್ತ ನೋಡಿದರು. ಕ್ಯಾಮೆರಾ ಅವರ ಮೇಲಿತ್ತು. “ಅಜ್ಜಿ, ಇದೆಲ್ಲ ಇಲ್ಲಿ ಬೇಡ. ಆಫೀಸಿಗೆ ಬನ್ನಿ” ಎಂದು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡರು.

ಸತ್ತವರ ರೊಟ್ಟಿಗೆ ಕೈ ಹಿಂದಕ್ಕೆ ಕಟ್ಟಿಕೊಳ್ಳುವವನನ್ನು ನಾನು ಅವತ್ತೇ ಮೊದಲು ನೋಡಿದ್ದು. ನಮ್ಮಲ್ಲಿ ಶತ್ರುವಿನ ಮನೆಯದನ್ನೂ ಈಸಿಕೊಳ್ಳುತ್ತಾರೆ. ನಮ್ಮ ಹೆಂಗಸರು ಬಾಯಿಗೆ ತಲೆವಸ್ತ್ರದ ತುದಿ ಒತ್ತಿಕೊಂಡರು. ನೋಡಲು ಬಂದವರಲ್ಲೂ ಗುಜುಗುಜು ಎದ್ದಿತು. ಎಲ್ಲರೂ ಪಟ್ಟಣದವರೇ ಆದರೂ ಎಲ್ಲರಿಗೂ ಒಬ್ಬೊಬ್ಬ ಅಜ್ಜಿ ಇದ್ದಳು.

ರಫೀಲಕ್ಕ ಅಂದಳು: “ಸರಿ. ಈಸ್ಕೊಳ್ದೆ ಇದ್ದಿದ್ದು ಕೊಟ್ಟ ಹಂಗಲ್ಲ. ತೊಟ್ಟಿ ಇವ್ರಿಗೆ ನಾನು ಕೊಟ್ಟಿಲ್ಲ. ಎಲ್ಲಾರೂ ಕೇಳಿಸ್ಕೊಳಿ, ಅದಿನ್ನೂ ನಂದೇ.”

“ಅಜ್ಜಿ, ಕಾಗದ ಇದೆ” ಎಂದರು ಸಾಹೇಬರು.

“ಕಾಗದಕ್ಕೆ ನಾನು ಕೊಟ್ಟಿಲ್ಲ ಸಾಹೇಬ್ರೇ, ನನ್ ಮಗಳಿಗೆ ಕೊಟ್ಟಿದ್ದು.”

ಅವಳು ತಿರುಗಿದಳು. ಕೋಲು ಹಿಡಿದು, ಮೊಣಕಾಲವರೆಗೆ ನೆನೆದು ನಿಂತಿದ್ದ ಗಾವ್ರಿಲನ ಮುಂದೆ ಅದೇ ರೊಟ್ಟಿ ಹಿಡಿದಳು. “ಲೀನಾಗೆ ಸಲ್ಲಲಿ.”

ಅವನು ಯೋಚನೆ ಮಾಡಲೇ ಇಲ್ಲ. ಎಳೆತನದ ಅಭ್ಯಾಸ. ಕೋಲು ಕೆಳಗೆ ಬಿತ್ತು, ಟೋಪಿ ಕೈಗೆ ಬಂತು, ರೊಟ್ಟಿ ಈಸಿಕೊಂಡ, “ಬೊಗ್ದಪ್ರೊಸ್ತೆ” ಎಂದ.

“ಆಯ್ತು. ಇನ್ಮೇಲೆ ತೊಟ್ಟಿ ನಿಂದು ಕಣಪ್ಪ.”

“ಅಯ್ಯೋ ಅಮ್ಮಾ!” ಅವನು ಸಾಹೇಬರನ್ನು ನೋಡಿದ, ರೊಟ್ಟಿಯನ್ನು ನೋಡಿದ. “ನನ್ ಕೆಲ್ಸ ಹೋಗುತ್ತೆ!”

“ಅದಕ್ಕೆ ನಾನೇನ್ ಮಾಡ್ಲಿ? ಈಸ್ಕೊಂಡ್ಯಾ ಇಲ್ವಾ?”

ಜನ ನಕ್ಕರು. ಗಾವ್ರಿಲ ನಗಲಿಲ್ಲ. ಈಸಿಕೊಂಡದ್ದು ನಿಜ, ಮಾತು ಬಿದ್ದದ್ದು ನಿಜ, ಅಷ್ಟು ಜನ ಸಾಕ್ಷಿ. ಹಿಂದಕ್ಕೆ ಕೊಡುವ ವಸ್ತುವೂ ಅಲ್ಲ ಅದು. ಅವನು ದೀಪ ಆರದ ಹಾಗೆ ಅಂಗೈ ಅಡ್ಡ ಹಿಡಿದುಕೊಂಡು ಪೆಚ್ಚಾಗಿ ನಿಂತಿದ್ದ. ಉಳಿದ ರೊಟ್ಟಿಗಳನ್ನು ರಫೀಲಕ್ಕ ಜನಕ್ಕೆ ಹಂಚಿದಳು. ಎಲ್ಲರೂ ಈಸಿಕೊಂಡರು, ಎಲ್ಲರೂ ಅಂದರು. ಹೊರದೇಶದವನೊಬ್ಬನಿಗೆ ಆ ಮಾತು ಬರುವವರೆಗೂ ಬಾಯಿಪಾಠ ಮಾಡಿಸಿದಳು. ನಾವು ಅರ್ಧ ತೊಳೆದ ಕಂಬಳಿಗಳನ್ನು ಹಿಂಡಿ, ನೀರು ತೊಟ್ಟಿಕ್ಕಿಸುತ್ತ ಬಸ್ಸು ಹತ್ತಿದೆವು.

ಆ ಚಳಿಗಾಲದಲ್ಲಿ ರಫೀಲಕ್ಕ ತೀರಿಕೊಂಡಳು. ಮಗಳ ಪಕ್ಕಕ್ಕೇ ಹೂತೆವು. ಮಣ್ಣು ಹಾಕುವ ಹೊತ್ತಿಗೆ ಹಿಮದಲ್ಲಿ ನಡೆದುಕೊಂಡು ಗಾವ್ರಿಲ ಬಂದ. ಬಸ್ಸು ಕೆಳಗಿನ ಊರಿಗೇ ನಿಂತಿತ್ತಂತೆ. ಅವನ ಕೆಲಸ ಹೋಗಿರಲಿಲ್ಲ, ಆದರೆ ಅವನನ್ನು ತೊಟ್ಟಿಯಿಂದ ಎತ್ತಿ ಆ ಕೊನೆಯ ಗಾಳಿ ಗಿರಣಿಗಳ ಕಡೆ ಹಾಕಿದ್ದರು. ಯಾಕೆಂದು ಕೇಳಿದೆ.

“ಬೆಳಗ್ಗೆ ಗೇಟ್ ತೆಗೆಯೋಕ್ ಮುಂಚೆ ಕೆರೆಯಿಂದ ಒಂದು ಬಕೆಟ್ ತಂದು ದಂಬೆಗೆ ಸುರಿದು, ಕೆಳಗೆ ನಿಂತು ಮುಖ ತೊಳೀತಿದ್ದೆ. ಆ ಮಾತು ಅಂದು ಹೋಗ್ತಿದ್ದೆ. ಮರ ಒದ್ದೆ ಇದ್ದಿದ್ದು ಯಾರೋ ನೋಡಿ ಹೇಳ್ಬಿಟ್ರು.”

“ಈಗ?”

“ಈಗ ದೂರ ಆಯ್ತು. ಕೊಂಚ ಬೇಗ ಏಳ್ತೀನಿ.”

ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನೊಬ್ಬನೇ ಕೈಲಾದದ್ದು ಮಾಡುತ್ತಿದ್ದಾನೆ. ಆದರೆ ಒಂದು ಹಳ್ಳವೇ ಹರಿಯಬೇಕಾದ ಕಡೆ ಒಂದು ಬಕೆಟ್ಟು. ಅದೂ ಕದ್ದು, ಕತ್ತಲಿರುವಾಗ, ಯಾರೂ ನೋಡದ ಹಾಗೆ. ಆ ಅಮ್ಮ ಮಗಳು ಇಬ್ಬರಿಗೂ ಈಗ ಅದರಲ್ಲೇ ಆಗಬೇಕು. ಪಂಪು ವಸ್ತುಸಂಗ್ರಹಾಲಯದವರ ಬಳಿ ಇದೆ, ಕೆರೆ ಅವರ ಬಳಿ ಇದೆ, ದಿನಾ ಬಂದು ಹೋಗುವ ಜನ ಇದ್ದಾರೆ. ಪಂಪಿನ ಗುಂಡಿ ಒತ್ತುವ ಒಂದು ಬೆರಳು ಬೇಕು. ರೆಮುಸ್ ಸಾಹೇಬರಿಗೆ ಹತ್ತು ಬೆರಳಿವೆ, ನಾನು ನೋಡಿದ್ದೇನೆ, ಹಿಂದಕ್ಕೆ ಕಟ್ಟಿಕೊಂಡಿದ್ದರು.